ಕೊನೇ ನಿಮಿಷದ ಮಾತು

ನ್ಯೆಂಡೊ, ಮಸಾಕಾ
14 ಜನವರಿ 2023

ಪ್ರಾಸ್ಕೋವಿಯಾ ಮೇಡಂ, ನಮ್ಮ ಕಡೆ ಹೇಳೋ ಹಾಗೆ, ದುಡಿದದ್ದಕ್ಕೆ ನಮಸ್ಕಾರ.

ನಾನು ಯಾರಂತ ನಿಮಗೆ ಗೊತ್ತಿಲ್ಲ. ಇಂಟರ್ನೆಟ್‌ನಲ್ಲಿ ನಿಮ್ಮ ‘ದಡದಲ್ಲಿ’ ಕಾರ್ಟೂನ್ ಚಿತ್ರದ ಕೆಳಗೆ ಕಾಮೆಂಟ್ ಹಾಕೋಕೆ ಹೋದೆ. ಬರೀತಾ ಬರೀತಾ ಇಷ್ಟುದ್ದ ಆಗಿ ಜಾಗ ಸಾಲದೆ ಅರ್ಧಕ್ಕೇ ನುಂಗ್ಬಿಡ್ತು. ಅದಕ್ಕೆ ಈ ಮೇಲ್.

ಹೆಸರು ಶಾಮಿಮ್ ನಮುದ್ದು. ನಮ್ಮ ಸೋದರಮಾವ ಸಾಲಿಯ ವಿಡಿಯೋ ಹಾಲ್‌ನಲ್ಲಿ ವಿಜೆ. ಹೌದು, ಹುಡುಗೀನೇ. ಇಂಗ್ಲಿಷ್, ಚೈನಾ, ಇಂಡಿಯಾ, ಯಾವ ಸಿನಿಮಾ ಬಂದ್ರೂ ಪರದೆ ಪಕ್ಕ ಮೈಕ್ ಹಿಡ್ಕೊಂಡು ಕೂತು ಅದನ್ನ ನಮ್ಮ ಲುಗಾಂಡದಲ್ಲಿ ಹೇಳ್ತೀನಿ. ಹೀರೋಗೂ ನಂದೇ ಗಂಟಲು, ವಿಲನ್ನಿಗೂ ನಂದೇ. ಬೆಂಚ್ ಮೇಲಿನ ಗಂಡಸರು “ಹೆಂಗಸಿನ ಗಂಟಲಲ್ಲಿ ಬಂದೂಕು ಹೊಡೆಯುತ್ತಾ?” ಅಂತ ಕೇಳ್ತಾರೆ. ಹೊಡೆಯುತ್ತೆ.

ಈಗ ನಿಮ್ಮ ಚಿತ್ರದ ವಿಷ್ಯ. ಕಸದ ಗುಡ್ಡೆ ಮೇಲೆ ಮುದುಕನ ಥರ ನಿಂತಿರೋ ಬೋಳುತಲೆ ಕಲೋಲಿ ಹಕ್ಕೀನ ಹೀರೋ ಮಾಡಿದ್ದೀರಲ್ಲ, ಅದಕ್ಕೇ ಮೊದಲು ಕೈ ಮುಗೀಬೇಕು. ಅವನೂ ಆ ಪುಟ್ಟ ಗೀಜಗಾನೂ ಹಳೇ ದೋಣಿ ಎಂಜಿನ್ ಮಾರೋ ಚಾಟ್ ಗುಂಪಲ್ಲಿ ಸಿಕ್ತಾರೆ. ಮುಖ ನೋಡಿಲ್ಲ, ಫೋಟೋ ಕಳಿಸಿಲ್ಲ, ಬರೀ ಟೈಪ್ ಮಾಡ್ತಾರೆ. ಬರೆದದ್ದೆಲ್ಲ ಗುಳ್ಳೆ ಗುಳ್ಳೆಯಾಗಿ ಸರೋವರದ ಮೇಲೆ ತೇಲ್ಕೊಂಡು ಹೋಗುತ್ತೆ. ಆಮೇಲೆ ದಡದಲ್ಲಿ ಸಿಗೋಣ ಅಂತ ಮಾತಾಗುತ್ತೆ. ಗೀಜಗ ಬಂದು ಅನಾನಸ್ ಲಾರಿ ಹಿಂದೆ ನಿಂತು ಇಣುಕಿ ನೋಡುತ್ತೆ. ಮೀನು ಕರಿಯೋ ಅಜ್ಜಿ ಕಲೋಲಿಗೆ ಒಂದು ತುಂಡು ಮಂಬಾ ಮೀನು ಕೊಡ್ತಾಳೆ. ಅವನು ರೆಕ್ಕೇಲಿ ತಟ್ಟೇನ ಹಿಂದಕ್ಕೆ ತಳ್ತಾನೆ. ಗೀಜಗ ಒಂದು ಮಾತೂ ಆಡ್ದೆ ಹಾರಿ ಹೋಗುತ್ತೆ. ಕೊನೇ ನಿಮಿಷ ಪೂರ್ತಿ ಕಲೋಲಿ ಒಬ್ಬನೇ ನಿಂತಿರ್ತಾನೆ, ಶಬ್ದಾನೂ ಇಲ್ಲ.

ಕೆಳಗಿನ ಕಾಮೆಂಟ್ ಓದಿದ್ದೀರಾ? “ನಾಚಿಕೆ ಸ್ವಭಾವದ ಹಕ್ಕಿ.” “ಹೊಟ್ಟೆ ತುಂಬಿತ್ತೇನೋ.” “ಗೀಜಗಕ್ಕೆ ಸೊಕ್ಕು.” ಒಬ್ಬರಿಗೂ ತಿಳಿದಿಲ್ಲ. ಎಲ್ಲ ಬೇರೆ ದೇಶದವರು ಅನ್ಸುತ್ತೆ. ನಂದು ಮಿಡತೆ ಕುಲ. ನವೆಂಬರ್‌ನಲ್ಲಿ ಊರೆಲ್ಲ ಮಿಡತೆ ಹುರ್ಕೊಂಡು ತಿನ್ನುವಾಗ ನಾನು ಬೀದಿ ಬದಲಾಯಿಸಿ ನಡೀತೀನಿ, ತನ್ನ ಕುಲದ್ದನ್ನ ಯಾರು ತಿಂತಾರೆ? ಕಲೋಲಿ ಮಂಬಾ ಬೇಡ ಅಂದ ಅಂದ್ರೆ ಅವನು ಮಂಬಾ ಕುಲದವನು. ಅದನ್ನ ನೋಡಿದ್ದೇ ಹಾರಿ ಹೋಯ್ತು ಅಂದ್ರೆ ಗೀಜಗಾನೂ ಮಂಬಾ. ಒಂದೇ ಕುಲ ಅಂದ್ರೆ ಅಣ್ಣ ತಂಗಿ. ಇಷ್ಟು ದಿನ ಅಣ್ಣನ ಜೊತೆ ಸರಸ ಆಡ್ಬಿಟ್ಟೆ ಅಂತ ಅವಳು ನಾಚಿಕೇಲಿ ಸತ್ತು ಓಡಿಹೋದ್ಲು. ಸರಿ ತಾನೆ? ಸರಿ ಅಂತ ಹೇಳಿ, ಪ್ಲೀಸ್.

ಇನ್ನೊಂದು ಕೇಳ್ಬೇಕು. ಇದನ್ನ ನಮ್ಮ ಹಾಲ್‌ನಲ್ಲಿ ಹಾಕಿ ನಾನು ಮಾತು ಕೊಡ್ಲಾ? ಚಾಟ್ ಎಲ್ಲ ಇಂಗ್ಲಿಷ್ ಅಕ್ಷರದಲ್ಲಿದೆ, ನಮ್ಮ ಜನ ಅದನ್ನ ಓದೋಷ್ಟರಲ್ಲಿ ಗುಳ್ಳೆ ಒಡೆದು ಹೋಗುತ್ತೆ.

ನಿಮ್ಮ ಅಭಿಮಾನಿ,
ಶಾಮಿಮ್

ನೈರೋಬಿ
29 ಜನವರಿ 2023

ಶಾಮಿಮ್,

ನೀನು ಅಂತಾನೇ ಬರೀತೀನಿ, ನನಗಿಂತ ಚಿಕ್ಕೋಳು ಅಂತ ಕಾಣುತ್ತೆ.

ಸರಿಯಾಗೇ ಹೇಳಿದ್ದೀಯ. ಆ ತಟ್ಟೆ ವಿಷ್ಯ ಹಿಡಿದೋಳು ನೀನೊಬ್ಬಳೇ. ಇಲ್ಲಿ ನಾನು ಕೆಲ್ಸ ಮಾಡೋ ಕಡೆ, ಅಂದ್ರೆ ಸೋಪಿನ ಜಾಹೀರಾತಿಗೆ ಕುಣಿಯೋ ಬಕೆಟ್ ಬಿಡಿಸೋ ಆಫೀಸು, ಎಲ್ರಿಗೂ ತೋರಿಸ್ದೆ. “ಫಿಶ್ ಚೆನ್ನಾಗಿ ಬಂದಿದೆ” ಅಂದ್ರು.

ಅದು ಸುಮ್ನೆ ಕಥೆ. ಯಾರದ್ದೋ ಬಾಯಲ್ಲಿ ಕೇಳಿದ್ದು.

ಮಾತು ಹಾಕೋದಾದ್ರೆ ಹಾಕು. ನಗಿಸು, ನನ್ನದೇನೂ ತಕರಾರಿಲ್ಲ. ಆದ್ರೆ ಕೊನೇ ನಿಮಿಷಕ್ಕೆ ಮಾತು ಹಾಕಬೇಡ. ಕಲೋಲಿ ನಿಂತಿರೋದನ್ನ ಜನ ಸುಮ್ನೆ ನೋಡ್ಲಿ. ಅದೊಂದು ನಡೆಸ್ಕೊಡು.

ಪ್ರಾಸ್ಕೋವಿಯಾ ನಲ್ವೆಯಿಸೊ

ನ್ಯೆಂಡೊ
13 ಫೆಬ್ರವರಿ 2023

ಪ್ರಾಸ್ಕೋವಿಯಾ ಅಕ್ಕಾ,

ಮೇಡಂ ಬಿಟ್ಟು ಅಕ್ಕ ಅಂದೆ, ಬಯ್ಯಬೇಡಿ. ನಿಮ್ಮ ಮೇಲ್‌ನ ಹಾಲ್‌ನಲ್ಲಿ ಎಲ್ರಿಗೂ ತೋರಿಸ್ದೆ. ಸಾಲಿ ಮಾವ ಕನ್ನಡಕ ಹಾಕ್ಕೊಂಡು ಎರಡು ಸಲ ಓದಿ “ನೈರೋಬಿಯೋಳು ನಿನಗ್ಯಾಕೆ ಬರೀತಾಳೆ?” ಅಂದ. ಹೊಟ್ಟೆಕಿಚ್ಚು.

ಶನಿವಾರ ಹಾಕಿದ್ವಿ, ಹೊಡೆದಾಟದ ಪಿಕ್ಚರ್‌ಗಿಂತ ಮುಂಚೆ. ಮಾವ ಮೊದಲು ಒಪ್ಪಲೇ ಇಲ್ಲ. “ಏಳು ನಿಮಿಷದ ಸಿನಿಮಾನಾ? ಜನ ಬೆಂಚ್ ಒರೆಸ್ಕೊಂಡು ಕೂರೋಷ್ಟರಲ್ಲಿ ಮುಗೀತದೆ. ಅದೂ ಹಕ್ಕೀದು.” ನಾನಂದೆ, “ಮಾವ, ಹಕ್ಕಿ ಅಲ್ಲ, ಫೋನ್ ಹಿಡ್ಕೊಂಡಿರೋ ಹಕ್ಕಿ.” ಅದಕ್ಕೆ ಬಿದ್ದ.

ಕಲೋಲಿಗೆ ಮೂಗಲ್ಲಿ ಮಾತಾಡೋ ದಪ್ಪ ದನಿ ಕೊಟ್ಟೆ, ಗೀಜಗಕ್ಕೆ ಕಾಲೇಜ್ ಹುಡುಗಿ ದನಿ. ಎಂಜಿನ್ ರೇಟು ಕೇಳ್ತಾ ಕೇಳ್ತಾ “ಊಟ ಆಯ್ತಾ” ಅಂತ ಕೇಳೋ ಕಡೆ ಬಂತಲ್ಲ, ಹಿಂದಿನ ಬೆಂಚಿನ ಬೋಡಾ ಹುಡುಗ್ರು, ಆ ಬೈಕ್ ಬಾಡಿಗೆಯವರು, ಬಿದ್ದು ಬಿದ್ದು ನಕ್ರು. “ಕಲೋಲೀ, ಊಟ ಆಯ್ತಾ ಅಂದ್ಮೇಲೆ ಮುಗೀತು ನಿನ್ನ ಕಥೆ.” ಮೀನಿನ ತಟ್ಟೆ ಬಂದಾಗ ಒಬ್ಬ “ತಿನ್ನೋ ಮಾರಾಯಾ, ಬಿಟ್ಟಿ ಸಿಕ್ಕಿದೆ” ಅಂದ. ಇನ್ನೊಬ್ಬ ಎದ್ದೇ ನಿಂತ: “ತಿನ್ನಲ್ಲ ಕಣೋ, ಅವನು ಮಂಬಾದವನು.” ಆಮೇಲೆ ಇಡೀ ಹಾಲ್ “ಅಯ್ಯೋ” ಅಂತು. ಅಕ್ಕಾ, ನೀವಿರಬೇಕಿತ್ತು. ನಿಮ್ಮ ಆಫೀಸಿನವರಿಗೆ ಹೇಳಿ, ನ್ಯೆಂಡೊದ ಬೋಡಾ ಹುಡುಗ್ರಿಗೆ ಅರ್ಥ ಆಯ್ತು ಅಂತ.

ಕೊನೇ ನಿಮಿಷಾನೂ ಚೆನ್ನಾಗಿ ಹೋಯ್ತು.

ಫೋನ್‌ಗೆ ಸಿನಿಮಾ ತುಂಬಿಕೊಡೋ ಅಂಗಡಿಯವನು ನನ್ನ ದನಿ ಇರೋ ಕಾಪಿ ಕೇಳ್ದ, ಕೊಟ್ಟೆ. ಈಗ ಮೆಮೊರಿ ಕಾರ್ಡ್‌ನಲ್ಲಿ ಎಲ್ಲ ಕಡೆ ಓಡ್ತಿದೆ. ಮೊದಲ ಸಲ ಯಾರೋ ಮಾರ್ಕೆಟ್‌ನಲ್ಲಿ ನನ್ನನ್ನ “ವಿಜೆ” ಅಂತ ಕರೆದ್ರು. “ಸಾಲಿ ಸೊಸೆ” ಅಂತಲ್ಲ.

ಶಾಮಿಮ್

ನೈರೋಬಿ
20 ಫೆಬ್ರವರಿ 2023

ಶಾಮಿಮ್, ನನ್ನ ತಂಗೀ,

ನಿನ್ನ ಮೇಲ್‌ನ ಆಫೀಸಲ್ಲೇ ಓದಿ ಜೋರಾಗಿ ನಕ್ಬಿಟ್ಟೆ. ಎಲ್ರೂ ತಿರುಗಿ ನೋಡಿದ್ರು. ಎಷ್ಟು ದಿನ ಆಗಿತ್ತು ನಮ್ಮ ಮಾತಲ್ಲಿ ನಕ್ಕು.

ಮೊದಲ ಮೇಲ್‌ನಲ್ಲಿ ಸುಳ್ಳು ಹೇಳ್ದೆ. ಅದು ಯಾರದ್ದೋ ಕಥೆ ಅಲ್ಲ, ಗೀಜಗ ನಾನೇ.

ನಾಲ್ಕು ವರ್ಷದ ಹಿಂದೆ ಕಂಪಾಲಾದಲ್ಲಿದ್ದೆ. ಒಂದು ಜಾಹೀರಾತಿಗೆ ದೋಣಿ ಎಂಜಿನ್ ಬಿಡಿಸ್ಬೇಕಿತ್ತು, ಹೇಗಿರುತ್ತೆ ಅಂತ ನೋಡೋಕೆ ಆ ಗುಂಪಿಗೆ ಸೇರ್ದೆ. ಅಲ್ಲಿ ‘ಎಂಜಿನ್ ನಲವತ್ತು’ ಅಂತ ಹೆಸರಿಟ್ಕೊಂಡೋನು ಒಬ್ಬ. ನನ್ನ ಪ್ರಶ್ನೆಗೆ ಎಲ್ರೂ ರೇಟು ಹೇಳಿದ್ರೆ ಅವನು ಮಾತ್ರ ಎಂಜಿನ್ನಿನ ಒಂದೊಂದು ಭಾಗಾನೂ ಕೈಯಲ್ಲಿ ಗೀಚಿ ಕಳಿಸ್ದ. ಎಷ್ಟು ಕೆಟ್ಟದಾಗಿ ಗೀಚಿದ್ದ ಅಂದ್ರೆ ಪ್ರೊಪೆಲ್ಲರ್ ಬಾಳೆಹಣ್ಣಿನ ಥರ ಇತ್ತು. ಅಲ್ಲಿಂದ ಶುರು. ಅವನಿಗೆ ನನ್ನ ಹೆಸರು ಗೊತ್ತಿಲ್ಲ, ನನಗೆ ಅವನದ್ದು ಗೊತ್ತಿಲ್ಲ. ದನಿ ಕೂಡ ಕೇಳಿಲ್ಲ. ಫೋಟೋ ಬೇಡ, ಸಿಕ್ಕಾಗ ನೋಡೋಣ ಅಂತ ಅವನೇ ಹೇಳಿದ್ದ.

ಬುಕಕಾಟಾ ದಡಕ್ಕೆ ಹೋದೆ. ಅವನ ಗುರುತು ಅವನ ದೋಣಿ: ನೀಲಿ ಬಣ್ಣ, ಮೂತಿ ಮೇಲೆ ಬಿಳೀ ಬಾಚಣಿಗೆಯ ಚಿತ್ರ. ದೋಣಿ ಪಕ್ಕ ನಿಂತಿದ್ದ. ಮುಂದಿಂದು ನಿನಗೆ ಗೊತ್ತು. ಲಾರಿ ಹಿಂದಿನಿಂದ ನೋಡ್ದೆ, ತಟ್ಟೆ ತಳ್ಳಿದ. ನನ್ನ ಅಣ್ಣ. ಬಸ್ ಹತ್ತಿ ಅವನ ನಂಬರ್ ಬ್ಲಾಕ್ ಮಾಡ್ದೆ, ಆ ಫೋನನ್ನೂ ಮಾರ್ದೆ. ಒಂದು ಸಾಲು, “ಹೀಗಾಯ್ತು, ನಿನ್ನ ತಪ್ಪಿಲ್ಲ” ಅಂತ ಬರೆದಿದ್ರೆ ಆಗ್ತಿತ್ತು. ಆ ಒಂದು ಸಾಲು ಬರೆಯೋ ಬದಲು ನಾಲ್ಕು ವರ್ಷ ಕೂತು ಚಿತ್ರ ಬಿಡಿಸ್ದೆ.

ಮೆಮೊರಿ ಕಾರ್ಡ್ ಎಲ್ಲ ಕಡೆ ಹೋಗ್ತಿದೆ ಅಂದ್ಯಲ್ಲ, ದ್ವೀಪಗಳ ಕಡೇಗೂ ಹೋಗುತ್ತಾ? ಆ ಕೊನೇ ನಿಮಿಷ ಅವನಿಗೆ ಅಂತಾನೇ ಮಾಡಿದ್ದು. ಅವನು ನೋಡಿದ್ರೆ ಅವನಿಗೆ ಗೊತ್ತಾಗುತ್ತೆ. ಅದಕ್ಕೇ ಸಿನಿಮಾದಲ್ಲೂ ನೀಲಿ ದೋಣಿ ಮೇಲೆ ಆ ಬಾಚಣಿಗೇನ ಹಾಗೇ ಬಿಡಿಸಿದ್ದೀನಿ.

ಕೊನೇ ನಿಮಿಷದಲ್ಲಿ ಜನ ಏನ್ ಮಾಡಿದ್ರು, ಅದನ್ನ ನೀನು ಸರಿಯಾಗಿ ಬರೀಲೇ ಇಲ್ಲ. ಬರಿ.

ನಿನ್ನ ಅಕ್ಕ,
ಪ್ರಾಸ್ಕೋವಿಯಾ

ನೈರೋಬಿ
18 ಮಾರ್ಚ್ 2023

ಶಾಮಿಮ್,

ಮೇಲ್ ಸಿಕ್ಕಿಲ್ವಾ? ಜಾಸ್ತಿ ಹೇಳ್ಕೊಂಡು ನಿನ್ನನ್ನ ಮುಜುಗರಕ್ಕೆ ಹಾಕ್ದೆ ಅಂತ ಕಾಣುತ್ತೆ. ಹಾಗಿದ್ರೆ ಮರೆತುಬಿಡು, ಹೊಸ ಪಿಕ್ಚರ್ ಯಾವ್ದು ಹಾಕಿದ್ದೀರಿ ಅಂತ ಬರೆದ್ರೂ ಸಾಕು.

ಅಕ್ಕ

ನೈರೋಬಿ
6 ಏಪ್ರಿಲ್ 2023

ಶಾಮಿಮ್, ಇದ್ದೀಯಾ?

ನ್ಯೆಂಡೊ
15 ಏಪ್ರಿಲ್ 2023

ಅಕ್ಕಾ,

ಕರೆಂಟ್ ಇರ್ಲಿಲ್ಲ, ಡೇಟಾ ಇರ್ಲಿಲ್ಲ ಅಂತ ಬರೆದು ಅಳಿಸಿದ್ದೀನಿ. ಎರಡೂ ಇತ್ತು.

ಕೊನೇ ನಿಮಿಷಕ್ಕೆ ನಾನು ಮಾತು ಹಾಕ್ದೆ.

ಬೇಕಂತ ಮಾಡಿಲ್ಲ. ಸುಮ್ನೆ ಕೂತಿದ್ದೆ, ನಿಜ. ಆದ್ರೆ ನಿಮಗೆ ನಮ್ಮ ಹಾಲ್ ಗೊತ್ತಿಲ್ಲ. ಇಲ್ಲಿ ಶಬ್ದ ನಿಂತ್ರೆ ಜನ ಜನರೇಟರ್ ಕೆಟ್ಟಿದೆ ಅಂದ್ಕೋತಾರೆ. ಒಬ್ಬ ಶಿಳ್ಳೆ ಹೊಡೆದ. ಇನ್ನೊಬ್ಬ “ಸಾಲೀ, ಎಣ್ಣೆ ಹಾಕೋ” ಅಂದ. ಮುಂದಿನ ಬೆಂಚಿಂದ ಯಾರೋ “ಹುಡುಗಿ ಹತ್ರ ಮಾತು ಖಾಲಿ ಆಯ್ತು, ನಾನು ಹೇಳಿರ್ಲಿಲ್ವಾ” ಅಂದ. ಅದು ಕೇಳಿ ನನ್ನ ತಲೆ ಕೆಡ್ತು. ಮೈಕ್ ಎತ್ಕೊಂಡು ಕಲೋಲಿ ದನೀಲಿ ಹೇಳ್ಬಿಟ್ಟೆ: “ಗೊತ್ತಿತ್ತು ನನಗೆ. ಮೊದಲನೇ ದಿನಾನೇ ಗೊತ್ತಿತ್ತು. ನಾನೂ ಮಂಬಾ, ಅವಳೂ ಮಂಬಾ. ಆದ್ರೇನು, ಫೋನಲ್ಲಿ ಕುಲ ಕಾಣುತ್ತಾ?”

ಹಾಲ್ ಹಾರಿಹೋಯ್ತು ಅಕ್ಕಾ. ಅಷ್ಟು ಚಪ್ಪಾಳೆ ನನಗೆ ಯಾವತ್ತೂ ಬಿದ್ದಿಲ್ಲ. ಅದಕ್ಕೇ ನಿಮಗೆ ಬರೆಯೋಕೆ ಆಗ್ಲಿಲ್ಲ. ಈಗ ಊರಲ್ಲಿ ಯಾರು ಯಾರನ್ನ ರೇಗಿಸೋದಿದ್ರೂ “ಫೋನಲ್ಲಿ ಕುಲ ಕಾಣುತ್ತಾ” ಅಂತಾರೆ.

ಇಷ್ಟೇ ಆಗಿದ್ರೆ ಬರೀತಿರ್ಲಿಲ್ಲ. ಹೋದ ವಾರ ಹಾಲ್‌ಗೆ ಒಬ್ಬ ಹೆಂಗಸು ಬಂದ್ಲು. ಶಾಸ್ತ್ರಕ್ಕೆ ಹೋಗೋರ ಥರ ಪೂರ್ತಿ ಗೊಮೆಸಿ ಉಟ್ಕೊಂಡು, ಭುಜ ಎತ್ಕೊಂಡು, ಮಧ್ಯಾಹ್ನದ ಶೋ ನಡೀತಿರುವಾಗ ಪರದೆ ಮುಂದೇನೇ ನಿಂತ್ಲು. ಮಾವ “ಞಾಬೊ, ಅಮ್ಮಾವ್ರೇ, ಕೂತ್ಕೊಳ್ಳಿ, ತಲೆ ಅಡ್ಡ ಬರ್ತಿದೆ” ಅಂದ.

“ನನ್ನ ತಲೆ ಅಡ್ಡ ಬರೋದು ಇರ್ಲಿ. ಆ ಹಕ್ಕೀದು ಹಾಕು.”

“ಅದು ಶನಿವಾರ—”

“ನನ್ನ ಅಣ್ಣನ ಮಗಳ ಮದುವೆ ಮಾತು ನಿಂತಿದೆ. ಶನಿವಾರ ಕಾಯ್ಲಾ?”

ಹಾಕ್ದೆ. ನಿಂತ್ಕೊಂಡೇ ನೋಡಿದ್ಲು. ಬಾಚಣಿಗೆ ಇರೋ ನೀಲಿ ದೋಣಿ ಬಂದ ಕೂಡಲೇ “ಅದೇ” ಅಂದ್ಲು. ಅವಳು ಹುಡುಗಿಯ ಸೋದರತ್ತೆ. ಹುಡುಗಿ ಹೆಸರು ಇಮ್ಮಾ, ಮಂಬಾ ಕುಲ. ಗಂಡು ಗೊಂಜಾಗ ಅಂತ, ದ್ವೀಪದ ಕಡೆಯವನು, ದೋಣಿ ಇಟ್ಕೊಂಡಿದ್ದಾನೆ. ತನ್ನದು ಮಂಗನ ಕುಲ ಅಂತ ಹೇಳಿದ್ದ. ಆದ್ರೆ ಅಪ್ಪ ಹೋಗಿ ಕಾಲ ಆಯ್ತು, ಅಪ್ಪನ ಕಡೆ ಯಾರೂ ಇಲ್ಲ, ಅವನ ಕುಲಕ್ಕೆ ಅವನ ತಾಯಿ ಮಾತೊಂದೇ ಸಾಕ್ಷಿ. ಇಷ್ಟು ದಿನ ಅದು ಸಾಕಾಗಿತ್ತು. ಈಗ ಊರೆಲ್ಲ “ಆ ದೋಣಿಯವನು ಮಂಬಾ, ಕುಲ ಬಚ್ಚಿಟ್ಟು ಮಂಬಾ ಹುಡುಗೀರ ಹಿಂದೆ ಬೀಳ್ತಾನೆ” ಅಂತಿದೆ. ನನ್ನ ದನೀಲಿ.

ಸೋದರತ್ತೆ ಹೋಗುವಾಗ ನನ್ನ ಕಡೆ ತಿರುಗಿ, “ನೀನೇನಾ ಮಾತಾಡಿದ್ದು? ಚೆನ್ನಾಗಿ ಮಾತಾಡ್ತೀಯ” ಅಂದ್ಲು. ಅದಕ್ಕಿಂತ ಕೆನ್ನೆಗೆ ಹೊಡೆದಿದ್ರೆ ಚೆನ್ನಾಗಿತ್ತು.

ಏನ್ ಮಾಡ್ಲಿ ಹೇಳಿ.

ಶಾಮಿಮ್

ನೈರೋಬಿ
16 ಏಪ್ರಿಲ್ 2023

ಶಾಮಿಮ್,

ಬಯ್ಯೋಕೆ ಕೂತೆ, ಬರೆದದ್ದನ್ನೆಲ್ಲ ಅಳಿಸ್ದೆ. ಒಂದೇ ಒಂದು ಕೇಳಿದ್ದೆ ನಿನ್ನ ಹತ್ರ.

ಗೊಂಜಾಗ. ಹೆಸರು ಈಗ ಗೊತ್ತಾಯ್ತು ನನಗೆ.

ಇಡೀ ದಿನ ಯೋಚ್ನೆ ಮಾಡ್ದೆ. ನೀನು ಮಾಡಿದ್ದು ತಪ್ಪು, ಆದ್ರೆ ಸೋದರತ್ತೆ ಮಾಡಿದ್ದು ತಪ್ಪಲ್ಲ. ಅವನು ಮಂಬಾದವನೇ, ನಾನೇ ಕಣ್ಣಾರೆ ನೋಡಿದ್ದೀನಿ. ಆಗ ಅವನಿಗೆ ನನ್ನ ಕುಲ ಗೊತ್ತಿರ್ಲಿಲ್ಲ ಅಂತ ಇಷ್ಟು ದಿನ ನಂಬಿದ್ದೆ. ಈಗ ಮತ್ತೆ ಒಬ್ಬ ಮಂಬಾ ಹುಡುಗೀಗೆ ಮಂಗನ ಕುಲ ಅಂತ ಹೇಳಿದ್ದಾನೆ ಅಂದ್ರೆ, ಅವನು ಅಂಥವನೇ ಇರ್ಬೇಕು. ನೀನು ಬಾಯಿಗೆ ಬಂದದ್ದು ಹೇಳ್ದೆ, ಅದು ನಿಜಾನೇ ಆಗಿರ್ಬಹುದು. ಇಮ್ಮಾ ಉಳ್ಕೊಂಡ್ಲು ಅಂದ್ಕೋ.

ಅವನಿಗೋಸ್ಕರ ನಾಲ್ಕು ವರ್ಷ ಬಿಡಿಸ್ದೆನಲ್ಲ. ಚಿತ್ರಾನ ಇಂಟರ್ನೆಟ್‌ನಿಂದ ತೆಗೀತಿದ್ದೀನಿ. ಇನ್ನು ಇದರ ಬಗ್ಗೆ ಬರೀಬೇಡ.

ಪ್ರಾಸ್ಕೋವಿಯಾ

ನ್ಯೆಂಡೊ
2 ಮೇ 2023

ಅಕ್ಕಾ,

ಬರೀಬೇಡ ಅಂದ್ರಿ. ನಿಮ್ಮ ಮಾತು ಇನ್ನೊಂದು ಸಲ ಮೀರ್ತಿದ್ದೀನಿ, ಇದೇ ಕೊನೆ. ಪೂರ್ತಿ ಓದಿ.

ಭಾನುವಾರ ಬುಕಕಾಟಾಗೆ ಹೋಗಿದ್ದೆ. ಅವನ ಹತ್ರ ಕ್ಷಮೆ ಕೇಳೋಣ, ಇಲ್ಲಾಂದ್ರೆ ಬೈಸ್ಕೊಳ್ಳೋಣ ಅಂತ. ದೋಣಿ ಸುಲಭವಾಗಿ ಸಿಕ್ತು. ಬಾಚಣಿಗೆ ಮೇಲೆ ಯಾರೋ ಮಸಿ ಬಳಿದಿದ್ರು, ಅವನು ಕೂತು ಉಜ್ತಿದ್ದ. ಅಗಲ ಭುಜ, ಸ್ವಲ್ಪ ಕುಂಟು, ನನ್ನ ಮಾವನಿಗಿಂತ ಮೆತ್ತಗೆ ಮಾತಾಡ್ತಾನೆ.

“ವಿಜೆ ನಾನೇ” ಅಂದೆ.

ಉಜ್ಜೋದು ನಿಲ್ಲಿಸ್ಲಿಲ್ಲ. “ಕಲೋಲಿ ದನಿ ನಿಂದಾ? ಎಲ್ರೂ ನನ್ನ ಮುಂದೆ ಅದನ್ನೇ ಮಾಡಿ ತೋರಿಸ್ತಾರೆ. ನೀನೂ ಒಂದ್ಸಲ ಮಾಡು, ಅಸಲಿ ಹೇಗಿದೆ ಅಂತ ಕೇಳೋಣ.”

ಮಾಡ್ಲಿಲ್ಲ. ಸಿನಿಮಾ ನೋಡಿದ್ದೀರಾ ಅಂದೆ. ಇಲ್ಲ, ಬೇಡ ಅಂದ. ಜನ ಹೇಳಿದ್ದೇ ಸಾಕಾಗಿದೆ ಅಂತೆ. ಮೀನು ಕರಿಯೋ ಅಜ್ಜಿ ಅಲ್ಲೇ ಇದ್ಲು ಅಕ್ಕಾ, ನೀವು ಬಿಡಿಸಿರೋ ಹಾಗೇ, ಅದೇ ತಗಡಿನ ಕೆಳಗೆ. ಅವನು ಅವಳ ಹತ್ರ ಒಂದು ತುಂಡು ಮಂಬಾ ಇಸ್ಕೊಂಡು ನನ್ನ ಕಣ್ಣೆದುರಿಗೇ ತಿಂದ. ಬೆರಳು ನೆಕ್ಕಿದ. “ದಿನಾ ತಿಂತೀನಿ. ಚಿಕ್ಕಂದಿನಿಂದ ತಿಂದಿದ್ದೀನಿ. ಸೋದರತ್ತೆ ಮುಂದೇನೂ ತಿಂದೆ. ಏನಂದ್ಲು ಗೊತ್ತಾ? ‘ಹುಡುಗಿ ಬೇಕು ಅಂದ್ರೆ ಗಂಡಸು ತನ್ನ ಅಪ್ಪನ್ನೂ ತಿಂತಾನೆ’ ಅಂದ್ಲು.”

ಅಜ್ಜೀನೂ “ಸೊಕ್ಕಿನ ಹೆಂಗಸು” ಅಂತ ಗೊಣಗಿದ್ಲು.

ಹಾಗಾದ್ರೆ ಆವತ್ತು ಯಾಕೆ ಬೇಡ ಅಂದ್ರಿ ಅಂತ ಕೇಳ್ದೆ. ಯಾವತ್ತು ಅಂದ. ನಾನು ಹೇಳ್ದೆ. ಆಗ ಉಜ್ಜೋದು ನಿಲ್ಲಿಸ್ದ.

ಅವನು ಹೇಳಿದ್ದನ್ನ ಹೇಗೆ ಹೇಳಿದ್ನೋ ಹಾಗೇ ಬರೀತೀನಿ, ನಂದೊಂದು ಮಾತೂ ಸೇರಿಸಲ್ಲ. “ಅವಳು ಒಂದ್ಸಲ ಬರೆದಿದ್ಲು, ನಮ್ಮ ಮನೇಲಿ ಮಂಬಾ ಮುಟ್ಟಲ್ಲ, ವಾಸನೆ ಬಂದ್ರೂ ನಮ್ಮಪ್ಪ ಎದ್ದು ಹೋಗ್ತಾನೆ ಅಂತ. ನನಗೆ ಖುಷಿ ಆಯ್ತು, ಅವಳು ಮಂಬಾ ಕುಲ, ನಂದು ಮಂಗನ ಕುಲ, ಅಡ್ಡಿ ಇಲ್ಲ ಅಂತ. ಅವಳು ಬರೋ ದಿನ ನಾನು ಅದನ್ನ ತಿಂದು ಅವಳ ಮುಂದೆ ಬಾಯಿ ತೆಗೀಲಾ? ಹಿಂದಿನ ಇಡೀ ವಾರಾನೇ ತಿಂದಿರ್ಲಿಲ್ಲ. ಆದ್ರೆ ಅವಳು ಬರ್ಲಿಲ್ಲವಲ್ಲ.”

ಅಕ್ಕಾ, ಅವನಿಗೆ ಗೊತ್ತೇ ಇಲ್ಲ. ನಾನು ಫೋನ್ ತೆಗೆದು, ದನಿ ಪೂರ್ತಿ ಬಂದ್ ಮಾಡಿ, ಲಾರಿ ಬರೋ ಕಡೆ ತೋರಿಸ್ದೆ. ಗೀಜಗ ಇಣುಕೋದನ್ನ ನೋಡ್ದ. ಫೋನನ್ನ ಕಣ್ಣಿನ ಹತ್ರ ಹಿಡ್ಕೊಂಡ.

“ಬಂದಿದ್ಲಾ?” ಅಂದ. ಆಮೇಲೆ “ಯಾವ ಬಣ್ಣದ ಬಟ್ಟೆ ಹಾಕಿದ್ಲು?” ಅಂದ.

ಗೊತ್ತಿಲ್ಲ, ಈಗ ನೈರೋಬೀಲಿದ್ದಾರೆ ಅಂತಷ್ಟೇ ಹೇಳ್ದೆ. ಅವನು ನಾಲ್ಕು ವರ್ಷ ನಿಮ್ಮ ಬಸ್ ಎಲ್ಲೋ ಬಿದ್ದಿರ್ಬೇಕು ಅಂತ ಅಂದ್ಕೊಂಡಿದ್ನಂತೆ. ಆ ವಾರದ ಪೇಪರ್ ಎಲ್ಲ ಹುಡುಕಿಸಿದ್ನಂತೆ.

ಶಾಮಿಮ್

ನೈರೋಬಿ
21 ಮೇ 2023

ಶಾಮಿಮ್,

ಹಳದಿ ಹಾಕಿದ್ದೆ. ಅದಕ್ಕೇ ಗೀಜಗ.

ಮಂಬಾ ಮುಟ್ಟಲ್ಲ ಅಂತ ಬರೆದಿದ್ದೆನಾ? ನನಗೆ ನೆನಪೇ ಇಲ್ಲ. ಚಿತ್ರಕ್ಕೆ ಆ ಮಾತೆಲ್ಲ ನೆನಪಿಂದ ಬರೆದೆ, ಅವನು ಹೇಳಿದ್ದು ಒಂದೊಂದೂ ನೆನಪಿತ್ತು, ನಾನು ಹೇಳಿದ್ದು ಮಾತ್ರ ಬಿಟ್ಟುಹೋಯ್ತು. ಹೋದ ಮೇಲ್‌ನಲ್ಲಿ ಅವನ ಬಗ್ಗೆ ಬರೆದದ್ದನ್ನ ವಾಪಸ್ ತಗೊಳ್ಳೋಕೆ ಆಗಲ್ಲ. ನೀನಾದ್ರೂ ಮರೆತುಬಿಡು.

ಅತ್ತದ್ದಾಯ್ತು. ಈಗ ಕೆಲ್ಸ. ಮೊದಲು ಅವನ ಮದುವೆ ಉಳೀಬೇಕು. ಕೊನೇ ನಿಮಿಷಕ್ಕೆ ಮಾತು ಹಾಕಬೇಡ ಅಂದಿದ್ದೆ, ಈಗ ನಾನೇ ಹಾಕ್ತಿದ್ದೀನಿ. ಸೋದರತ್ತೇನ ಕರೆಸು, ಹಾಲ್ ತುಂಬಿರ್ಲಿ, ಆವತ್ತು ಕೇಳಿದೋರೆಲ್ಲ ಇರ್ಲಿ. ಗೀಜಗದ ದನೀಲಿ ಇಷ್ಟು ಹೇಳು, ಹೆಚ್ಚೂ ಬೇಡ ಕಡಿಮೇನೂ ಬೇಡ:

“ನಾನು ಬಂದಿದ್ದೆ. ಲಾರಿ ಹಿಂದೆ ನಿಂತಿದ್ದೆ. ನೀನು ಮೀನು ಬೇಡ ಅಂದಿದ್ದು ನೋಡಿ ನನ್ನ ಅಣ್ಣ ಅಂದ್ಕೊಂಡೆ. ಒಂದು ಮಾತು ಕೇಳ್ಬಹುದಿತ್ತು, ಕೇಳ್ಲಿಲ್ಲ. ಆ ಮೀನು ನಾನು ತಿನ್ನಲ್ಲ ಅಂತ ನೀನು ಬಿಟ್ಟಿದ್ದು. ಇವನು ಮಂಬಾ ಅಲ್ಲ. ಮಂಬಾದೋಳು ನಾನು.”

ಆಮೇಲೆ ಸೋದರತ್ತೆಗೆ ನಮ್ಮಪ್ಪನ ಹೆಸರು, ಅಜ್ಜನ ಹೆಸರು, ನಮ್ಮ ಕುಲದ ಮೂಲ ಜಾಗ ಎಲ್ಲ ಹೇಳು. ಕೆಳಗೆ ಬರೆದಿದ್ದೀನಿ. ಯಾವ ಮಂಬಾ ಹೆಂಗಸೂ ಅಪ್ಪನ ಹೆಸರು ಹೇಳ್ಕೊಂಡು ಇಂಥ ಸುಳ್ಳು ಹೇಳಲ್ಲ, ಅದು ಅವಳಿಗೆ ಗೊತ್ತು.

ಅಕ್ಕ

ನ್ಯೆಂಡೊ
5 ಜೂನ್ 2023

ಅಕ್ಕಾ,

ಆಯ್ತು. ಅಕ್ಷರಾನೂ ಬದಲಾಯಿಸ್ಲಿಲ್ಲ.

ಸೋದರತ್ತೆ ಮುಂದಿನ ಬೆಂಚ್, ಪಕ್ಕದಲ್ಲಿ ಇಮ್ಮಾ. ಗೊಂಜಾಗ ಬರ್ಲಿಲ್ಲ, ಬರಲ್ಲ ಅಂತ ಮೊದಲೇ ಹೇಳಿದ್ದ. ನಾನು ಮೈಕ್ ಎತ್ತಿದ ಕೂಡಲೇ ಬೋಡಾ ಹುಡುಗ್ರು ಆ ಹಳೇ ಮಾತನ್ನ ಒಟ್ಟಿಗೆ ಕೂಗೋಕೆ ರೆಡಿ ಆಗಿದ್ರು. ಗೀಜಗದ ದನಿ ಬಂತಲ್ಲ, ಬಾಯಿ ಅರ್ಧಕ್ಕೇ ನಿಂತುಹೋಯ್ತು. “ಮಂಬಾದೋಳು ನಾನು” ಅಂದ್ಮೇಲೆ ಚಿತ್ರ ಇನ್ನೂ ಸ್ವಲ್ಪ ಉಳಿದಿತ್ತು. ನಾನು ಮೈಕ್ ಕೆಳಗಿಟ್ಟೆ. ಯಾರೂ ಶಿಳ್ಳೆ ಹೊಡೀಲಿಲ್ಲ.

ನಿಮ್ಮ ಅಪ್ಪ ಅಜ್ಜಂದಿರ ಹೆಸರು ಹೇಳ್ದೆ. ಸೋದರತ್ತೆಗೆ ನಿಮ್ಮ ಅಜ್ಜನ ಊರು ಗೊತ್ತಂತೆ. “ಹುಡುಗಿ ನಮ್ಮವಳೇ” ಅಂದ್ಲು. ಆಮೇಲೆ, “ಯಾರೋ ಕಾಣದ ಹೆಂಗಸಿಗೋಸ್ಕರ ಒಂದು ವಾರ ಮೀನು ಬಿಟ್ಟೋನು, ಕಂಡ ಹೆಂಡ್ತೀಗೆ ಏನೇನು ಬಿಡ್ತಾನೆ” ಅಂತ ಇಮ್ಮಾಗೆ ಹೇಳಿದ್ಲು. ಇಮ್ಮಾ ಅಂದ್ಲು, “ಮೊದಲು ಆ ದೋಣಿ ವಾಸನೆ ಬಿಡ್ಲಿ.” ಎಲ್ರೂ ನಕ್ರು. ಒಳ್ಳೇ ಹುಡುಗಿ ಅಕ್ಕಾ. ಬಯ್ಯೋಕೆ ಏನಾದ್ರೂ ಸಿಗುತ್ತಾ ಅಂತ ನಾನೂ ನೋಡ್ದೆ, ಸಿಗ್ಲಿಲ್ಲ.

ಹೆಣ್ಣಿನ ಮನೇಲಿ ಕ್ವಾಂಜುಲ ಶಾಸ್ತ್ರ ಮುಂದಿನ ತಿಂಗಳು. ಗಂಡಿನ ಕಡೆಯವರು ಬಂದು ಕುಲ ಹೇಳ್ಕೋತಾರೆ. ಮಂಗನ ಕುಲದ ಹಿರಿಯರು ಇಬ್ರು ಅವನ ಪರ ನಿಲ್ತಾರಂತೆ, ಸೋದರತ್ತೇನೇ ಹುಡುಕಿಸಿದ್ದಾಳೆ.

ಈಗ ಕಷ್ಟದ ವಿಷ್ಯ. ಸೋದರತ್ತೆ ನಿಮ್ಮನ್ನ ಕರೀತಿದ್ದಾಳೆ. “ನಮ್ಮ ಕುಲದ ಮಗಳಿಂದ ತಪ್ಪಾಯ್ತು. ನಮ್ಮ ಕುಲದ ಮಗಳಾಗೇ ಬಂದು ಇಮ್ಮಾನ ಅಕ್ಕ ತಂಗೀರ ಸಾಲಲ್ಲಿ ಮಂಡಿಯೂರ್ಲಿ. ಅಲ್ಲಿಗೆ ಮುಗೀತು” ಅಂದ್ಲು. ಒಂದು ಷರತ್ತು ಇದೆ. ನೀವು ಯಾರು ಅಂತ ಅವನಿಗೆ ಯಾರೂ ಹೇಳೋ ಹಾಗಿಲ್ಲ. ನಾನೂ ಆಣೆ ಮಾಡಿದ್ದೀನಿ. ಈ ಸಲ ಉಳಿಸ್ಕೋತೀನಿ.

ಬರೋದು ಬೇಡ ಅನ್ಸಿದ್ರೆ ಬೇಡ. ನಾನು ಏನಾದ್ರೂ ಹೇಳಿ ಸಂಭಾಳಿಸ್ತೀನಿ.

ಶಾಮಿಮ್

ನೈರೋಬಿ
17 ಜುಲೈ 2023

ಶಾಮಿಮ್,

ತಲುಪ್ದೆ. ಆವತ್ತು ಹೋಗ್ಬರ್ತೀನಿ ಅಂತಾನೂ ನಿನಗೆ ಹೇಳದೆ ಬಸ್ ಹತ್ಬಿಟ್ಟೆ, ಕ್ಷಮಿಸು. ನೀನು ದೂರದಲ್ಲಿ, ಆ ಸ್ಪೀಕರ್ ಹತ್ರ ನಿಂತು ನನ್ನನ್ನೇ ನೋಡ್ತಿದ್ದೆ. ಏನಾಯ್ತು ಅಂತ ಕೇಳ್ಬೇಕು ಅನ್ಸಿದ್ರೂ ನೀನು ಕೇಳ್ಲಿಲ್ಲ.

ಸಾಲಲ್ಲಿ ನಾವೆಲ್ಲ ಒಂದೇ ಥರದ ಗೊಮೆಸಿ, ನೀನು ನೋಡಿದ್ಯಲ್ಲ, ಎಲ್ಲ ಹಸಿರು. ಮಂಡಿಯೂರಿ ನಮಸ್ಕಾರ ಹೇಳ್ವಾಗ ತಲೆ ಎತ್ತಿ ನೋಡ್ದೆ. ಅವನು ನಮ್ಮ ಮುಖಗಳನ್ನ ಒಂದೊಂದಾಗಿ ನೋಡ್ತಿದ್ದ. ನನ್ನ ಮುಖಕ್ಕೆ ಬಂದ, ಮುಂದಕ್ಕೆ ಹೋದ.

ಊಟಕ್ಕೆ ಮುಂಚೆ ಕೈ ತೊಳಿಸೋಕೆ ಸೋದರತ್ತೆ ನಮಗೆಲ್ಲ ಒಂದೊಂದು ಸಾಲು ಹಂಚಿದ್ಲು. ಗಂಡಿನ ಸಾಲು ನನಗೆ. ಬೇಕಂತಾನೇ ಕೊಟ್ಲೋ ಏನೋ, ಅವಳ ಮುಖ ನೋಡಿದ್ರೆ ಗೊತ್ತಾಗಲ್ಲ. ಅವನ ಮುಂದೆ ಮಂಡಿಯೂರಿ ಬೋಗುಣಿ ಹಿಡ್ಕೊಂಡು ಜಗ್‌ನಿಂದ ನೀರು ಹಾಕ್ದೆ. ದೊಡ್ಡ ಕೈ. ಹೆಬ್ಬೆರಳಲ್ಲಿ ಎಂಜಿನ್ ಎಣ್ಣೆಯ ಕಪ್ಪು, ಎಷ್ಟು ತಿಕ್ಕಿದ್ರೂ ಹೋಗದ್ದು. ಆ ಕೈಯಲ್ಲೇ ಬಾಳೆಹಣ್ಣಿನಂಥ ಪ್ರೊಪೆಲ್ಲರ್ ಗೀಚಿದ್ದ.

ಅವನು ಬಗ್ಗಿ, ಪಕ್ಕದವರಿಗೆ ಕೇಳಿಸದ ಹಾಗೆ ಕೇಳ್ದ. “ನಾದಿನೀ, ನಿಮ್ಮಲ್ಲಿ ಯಾರಾದ್ರೂ ನೈರೋಬಿಯಿಂದ ಬಂದಿದ್ದಾರಾ?”

ಹಿಂದಿನ ರಾತ್ರಿ ಇಮ್ಮಾ ನನಗೆ ಜಡೆ ಹಾಕಿದ್ಲು. ನಾನು ಯಾರಂತ ಗೊತ್ತಿದ್ದೂ, ಒಂದು ಕೊಂಕು ಮಾತೂ ಆಡದೆ, ನೋವಾಗುತ್ತಾ ಅಂತ ಕೇಳ್ತಾ ಕೇಳ್ತಾ ಹಾಕಿದ್ಲು.

“ಇಲ್ಲ ಭಾವ” ಅಂದೆ. “ನಾವೆಲ್ಲ ಇಲ್ಲಿಯವರೇ.”

ತಲೆ ಆಡಿಸ್ದ. ಕೈ ಇನ್ನೂ ಹಾಗೇ ಚಾಚಿದ್ದ, ನಾನು ಇನ್ನೂ ನೀರು ಹಾಕ್ತಾನೇ ಇದ್ದೆ. ಆಮೇಲೆ ಅವನೇ “ಸಾಕು” ಅಂದ.

ಪ್ರಾಸ್ಕೋವಿಯಾ